ಹನ್ನೆರಡು ಬೆನ್ನುಗಳ ಅಳತೆ

ವಡ್ಡು ಅನ್ನುವ ಊರಿನ ಶಾಲೆಯ ಪಿ.ಟಿ. ಮಾಸ್ತರರು ನೀಲಿ ಜೆರ್ಸಿಗಳ ಕಟ್ಟನ್ನು ತಂದು ಕೌಂಟರಿನ ಮೇಲೆ ಇಟ್ಟಾಗ ನಾನು ಹಂಪಿ ಬಜಾರಿನ ಅಂಗಡಿಯೊಂದಕ್ಕೆ ಟೀ-ಶರ್ಟು ಒತ್ತುತ್ತಿದ್ದೆ. ಹೊಸಪೇಟೆಯ ನನ್ನ ಅಂಗಡಿಯಲ್ಲಿ ನಡೆಯುವುದು ಇಷ್ಟೇ ಕೆಲಸ. ಬಣ್ಣದ ವಿನೈಲ್ ಹಾಳೆಯನ್ನು ಮಷೀನಿನಲ್ಲಿ ಅಕ್ಷರದ, ಚಿತ್ರದ ಆಕಾರಕ್ಕೆ ಕತ್ತರಿಸುವುದು, ಬೇಡದ ಭಾಗವನ್ನು ಚಿಮಟಿಗೆಯಿಂದ ಕಿತ್ತು ತೆಗೆಯುವುದು, ಉಳಿದದ್ದನ್ನು ಬಟ್ಟೆಯ ಮೇಲಿಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಅಂಟಿಸುವುದು. ಒಮ್ಮೆ ಅಂಟಿತೆಂದರೆ ಅಂಟಿತು. ಹೀಗಾಗಿ ಒತ್ತುವ ಮೊದಲು ಅಳತೆ ಸರಿಯಿರಬೇಕು ಎಂದು ಬಂದವರಿಗೆಲ್ಲ ಉಪದೇಶ ಮಾಡುವುದು ನನಗೆ ಅಭ್ಯಾಸವಾಗಿತ್ತು.

"ಹನ್ನೆರಡು ಅದಾವ್ರಿ. ಹುಡುಗೇರ ಖೋ-ಖೋ ಟೀಮು. ಬೆನ್ನಿಗೆ ನಂಬರ್, ಅದರ ಮ್ಯಾಲೆ ಊರ ಹೆಸರು," ಅಂದರು ಮಾಸ್ತರರು. ಅದು ಸೋಮವಾರ. ಬರುವ ಭಾನುವಾರ ಹೊಸಪೇಟೆಯ ಮೈದಾನದಲ್ಲಿ ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸುವವರಿದ್ದರು. ತಂಡಗಳು ಆಡುತ್ತವೆ, ಮೇಜಿನ ಹಿಂದೆ ಕೂತವರು ಚೆನ್ನಾಗಿ ಆಡಿದವರ ಬೆನ್ನಿನ ನಂಬರು ಬರೆದುಕೊಳ್ಳುತ್ತಾರೆ, ಕೊನೆಗೆ ಆ ನಂಬರುಗಳನ್ನೇ ಓದುತ್ತಾರೆ.

"ಹೋದ ವರ್ಷ ಏನಾತು ಗೊತ್ತೇನ್ರಿ?" ಎಂದು ಮಾಸ್ತರರು ಸ್ಟೂಲಿನ ಮೇಲೆ ಕೂತರು. "ನಮ್ಮ ಎಂಟನೇ ನಂಬರಿನಾಕಿ ಕಂಬದ ಹತ್ರ ಹಾರಿ ಮುಟ್ಟಿದ್ಲು. ನೋಡ್ತಿದ್ದವರೆಲ್ಲ ಎದ್ದು ನಿಂತ್ರು. ಆಮ್ಯಾಲೆ ಪಟ್ಟಿ ಓದಿದ್ರು, 'ವಡ್ಡು, ಮೂರು' ಅಂದ್ರು. ನಂಬರ್ ಇಷ್ಟ ಇತ್ರಿ ಅಂಗಿ ಮ್ಯಾಲೆ." ಹೆಬ್ಬೆರಳು, ತೋರುಬೆರಳು ಅಗಲಿಸಿ ತೋರಿಸಿದರು. "ದೂರದಿಂದ 8 ಹೋಗಿ 3 ಆಗೈತಿ."

"ನೀವು ಹೋಗಿ ಹೇಳ್ಲಿಲ್ಲೇನ್ರಿ?"

"ಮೂರನೇ ನಂಬರಿನಾಕೀನೂ ನಮ್ಮ ಹುಡುಗೀನ ಅಲ್ರೀ! ಆಕಿ ನಕ್ಕೊಂತ ಅಳ್ಕೊಂತ ನಿಂತಿದ್ಲು. ನೀ ಅಲ್ಲವ್ವ, ವಾಪಸ್ ಬಾ ಅಂತ ಯಾವ ಬಾಯಿಲೆ ಹೇಳ್ಲಿ? ಎಂಟನೇ ನಂಬರಿನಾಕೀನ ನನ್ನ ತೋಳು ಹಿಡಿದು, 'ಬಿಡ್ರಿ ಸರ್' ಅಂದ್ಲು." ಮಾಸ್ತರರು ಕಟ್ಟಿನಿಂದ ಒಂದು ಜೆರ್ಸಿ ಎಳೆದು ನನ್ನ ಮುಂದಿಟ್ಟರು. "ಈ ವರ್ಷ ಆಕೀಗೆ ಕಡೇದು. ಇದು ಬಿಟ್ರ ವಯಸ್ಸು ದಾಟ್ತೈತಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಇದೇ. ಕೇಳಿ ನನಗೆ ಸಂಕಟವಾಯಿತು. ಜೊತೆಗೆ, ಮುಚ್ಚುಮರೆ ಯಾಕೆ, ಒಂದಿಷ್ಟು ಹುಮ್ಮಸ್ಸೂ ಬಂತು. ಹೋದ ವರ್ಷ ನಂಬರು ಹಾಕಿದವರು ಯಾರೋ ಏನೋ, ಅವರನ್ನು ಮನಸಾರೆ ಆಡಿಕೊಂಡೆ. ನಾಲ್ಕಿಂಚಿನ ನಂಬರನ್ನು ಬೆನ್ನಿಗೆ ಹಾಕುತ್ತಾರೇನ್ರೀ, ಅದು ಜೇಬಿನ ಮೇಲಿನ ಅಳತೆ ಅಂದೆ. "ಚಿಂತಿ ಬಿಡ್ರಿ ಸರ್. ಈ ಸಲ ಕುರುಡನಿಗೂ ಕಾಣಂಗ ಮಾಡ್ತೀನಿ."

ನನ್ನ ಅಂಗಡಿಯ ಗೋಡೆಗೆ ಒಂದು ಚಾರ್ಟು ಅಂಟಿಸಿದ್ದೇನೆ. ಅಂಗಿಯ ಸೈಜು ಇಷ್ಟಿದ್ದರೆ ಡಿಸೈನಿನ ಅಗಲ ಇಷ್ಟು, ಕೊರಳಪಟ್ಟಿಯಿಂದ ಇಷ್ಟು ಕೆಳಗೆ ಎಂದು ನಾನೇ ಬರೆದದ್ದು. ಹಂಪಿಗೆ ಬರುವ ಪ್ರವಾಸಿಗರ ಅಂಗಿಗಳನ್ನು ಒತ್ತಿ ಒತ್ತಿ ಕಲಿತ ಲೆಕ್ಕ. ಜೆರ್ಸಿಯ ಒಳಗಿನ ಚೀಟಿ ನೋಡಿದೆ, ಎಲ್ಲವೂ ಮೂವತ್ತಾರು. ಚಾರ್ಟಿನ ಪ್ರಕಾರ ಹನ್ನೊಂದು ಇಂಚು ಅಗಲ ಬರಬಹುದು. ಅದನ್ನು ತೊಡುವ ಹುಡುಗಿಯರು ಎಷ್ಟು ಎತ್ತರ, ಎಷ್ಟು ದಪ್ಪ ಎಂದು ಕೇಳಲಿಲ್ಲ. ಹೆಣ್ಣುಮಕ್ಕಳ ಮೈಯಳತೆ ಕೇಳುವುದು ನನಗೆ ಮುಜುಗರ, ಹೇಳುವುದು ಮಾಸ್ತರರಿಗೂ ಮುಜುಗರ. ಚೀಟಿಯಲ್ಲಿ ಮೂವತ್ತಾರು ಅಂತ ಇರುವಾಗ ಇಬ್ಬರಿಗೂ ಆ ತೊಂದರೆ ತಪ್ಪಿತು.

ನಂಬರನ್ನು ಹತ್ತಿಂಚು ಎತ್ತರಕ್ಕೆ ಎಳೆದೆ. ಅಗಲ ಸಾಲದೆನ್ನಿಸಿ ಪಕ್ಕಕ್ಕೂ ಎಳೆದು ಒಂಬತ್ತು ಇಂಚು ಮಾಡಿದೆ. ಮೇಲೆ 'ವಡ್ಡು' ಎಂದು ಹನ್ನೊಂದು ಇಂಚಿನ ಕಮಾನು. ಮಂಗಳವಾರ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕತ್ತರಿಸಿದೆ, ಕಿತ್ತೆ, ಒತ್ತಿದೆ. ಜೆರ್ಸಿ ಬಟ್ಟೆ ಹೆಚ್ಚು ಬಿಸಿ ತಡೆಯುವುದಿಲ್ಲ, ನೂರ ನಲವತ್ತು ಡಿಗ್ರಿಯಲ್ಲಿ ಹನ್ನೆರಡು ಸೆಕೆಂಡು ಇಟ್ಟೆ. ಒಂದೂ ಸುಡಲಿಲ್ಲ, ಒಂದೂ ಓರೆಯಾಗಲಿಲ್ಲ. ಎಂಟನೇ ನಂಬರನ್ನು ಹ್ಯಾಂಗರಿಗೆ ಹಾಕಿ ಶಟರಿಗೆ ತೂಗುಹಾಕಿ, ರಸ್ತೆ ದಾಟಿ ಚಹಾ ಅಂಗಡಿಯ ಮುಂದೆ ನಿಂತು ನೋಡಿದೆ. ಚಹಾದವನು, "ಬಸ್ ಸ್ಟ್ಯಾಂಡಿಗೂ ಕಾಣ್ತೈತಿ ಬಿಡ್ರಿ" ಅಂದ. ಬುಧವಾರ ಬಸ್ಸಿಗೆ ಹಾಕಿ ಕಳಿಸಿ ಸಮಾಧಾನದಿಂದ ಊಟ ಮಾಡಿದೆ.

ಗುರುವಾರ ಬೆಳಗ್ಗೆ ಮಾಸ್ತರರ ಫೋನು. "ಒಂದೀಟು ಬಂದು ಹೋಗ್ರಿ. ಫೋನಿನ್ಯಾಗ ಹೇಳಾಕ ಬರಂಗಿಲ್ಲ."

ವಿನೈಲ್ ಎದ್ದಿರಬೇಕು, ಯಾರೋ ಇಸ್ತ್ರಿ ಇಟ್ಟು ಸುಟ್ಟಿರಬೇಕು ಎಂದು ಬೈದುಕೊಳ್ಳುತ್ತ ಬೈಕು ಹತ್ತಿದೆ. ತೋರಣಗಲ್ಲಿನ ಕಡೆಯ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಧೂಳು ಕುಡಿದು ವಡ್ಡು ಮುಟ್ಟುವಾಗ ನನ್ನ ಬಿಳಿ ಅಂಗಿ ಕೆಂಪಾಗಿತ್ತು, ಮುಖವೂ ಹಾಗೆಯೇ ಇತ್ತೆಂದು ಆಮೇಲೆ ಮಾಸ್ತರರು ಹೇಳಿದರು.

ಶಾಲೆಯ ಮೈದಾನದಲ್ಲಿ ಹುಡುಗಿಯರು ಜೆರ್ಸಿ ತೊಟ್ಟು ನಿಂತಿದ್ದರು. ನನ್ನ ಊರಗಲದ ನಂಬರುಗಳು ಅವರ ಮೈಮೇಲೆ ಗುರುತು ಸಿಗದಂತಾಗಿದ್ದವು. 'ವಡ್ಡು'ವಿನ 'ವ' ಒಂದು ಕಂಕುಳಿಗೆ ಹೋಗಿತ್ತು, 'ಡ್ಡು' ಇನ್ನೊಂದು ಕಂಕುಳಿಗೆ. ಎರಡೂ ಪಕ್ಕದಲ್ಲಿ ಅಂಗಿಯನ್ನು ಒಳಗೆ ಹಿಡಿದು ಹೊಲಿದಿದ್ದರು. ವಿನೈಲಿನ ಮೇಲೆಯೇ ಸೂಜಿ ಓಡಿತ್ತು. ಅಂಗಿಯನ್ನು ಚಡ್ಡಿಯೊಳಗೆ ಸಿಕ್ಕಿಸಿದ್ದರಿಂದ ನಂಬರಿನ ಕೆಳಗಿನ ಎರಡು ಮೂರು ಇಂಚು ಚಡ್ಡಿಯೊಳಗೇ ಇತ್ತು.

"ಎಂಟು, ಬಾ ಇಲ್ಲಿ," ಎಂದು ಮಾಸ್ತರರು ಕರೆದರು. ಸಣ್ಣ ಮೈಯ, ಬಿಗಿಯಾಗಿ ಜಡೆ ಕಟ್ಟಿದ ಹುಡುಗಿ ಬಂದಳು. "ಮೂರು ಸಲ ಕುಂತು ಎದ್ದು ಓಡು."

ಅವಳು ಕೂತಳು, ಎದ್ದಳು, ಮೈದಾನದ ಆ ತುದಿಗೆ ಓಡಿ ಬೆನ್ನು ತಿರುಗಿಸಿ ನಿಂತಳು. ವಿನೈಲ್ ಬಟ್ಟೆಯ ಹಾಗೆ ಬಾಗುವುದಿಲ್ಲ, ರಟ್ಟಿನ ಹಾಗೆ ಸೆಟೆದು ಮುರಿಯುತ್ತದೆ. ಸೊಂಟದ ಹತ್ತಿರ ಕೂಡಿಕೊಂಡ ಅಂಗಿಯ ಮಡಿಕೆಯಲ್ಲಿ ನಂಬರಿನ ಎಡಗಡೆಯ ಅಂಚು ಪೂರ್ತಿ ಒಳಗೆ ಹೋಗಿತ್ತು. ಉಳಿದದ್ದು 3.

ನಗುವವರ ಮುಂದೆ ಎಡವಿ ಬಿದ್ದಂತೆ ಅನ್ನುವ ಮಾತಿದೆ. ಅಲ್ಲಿ ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು. ಹುಡುಗಿ ಅಷ್ಟು ದೂರದಿಂದ ತಿರುಗಿ, ಹೆಂಗೈತಿ ಸರ್ ಎಂದು ಕೈಯಲ್ಲೇ ಕೇಳಿದಳು. ಮಾಸ್ತರರು ಕೈ ಎತ್ತಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ತಪ್ಪು ನನ್ನದಾಗಿರುವಾಗ ಇನ್ನೂ ಬೇಗ ಬರುತ್ತದೆ. ಅಚ್ಚಿನ ಮೇಲೆ ಹೊಲಿಗೆ ಹಾಕಿದವರು ಯಾರು ಎಂದು ಕೇಳಿಕೊಂಡು ದರ್ಜಿ ಅಮ್ಮನ ಮನೆಗೆ ಹೋದೆ. ಅರವತ್ತರ ಆಸುಪಾಸಿನ ಹೆಂಗಸು, ಮನೆಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಮಷೀನು ಇಟ್ಟುಕೊಂಡು ಇಡೀ ಊರಿನ ರವಿಕೆ, ಶಾಲೆಯ ಮಕ್ಕಳ ಬಟ್ಟೆ ಹೊಲಿಯುತ್ತಾರೆ. ಗೋಡೆಯಲ್ಲಿ ಟೇಪು ತೂಗುತ್ತಿತ್ತು, ಅದರ ಅಂಕಿಗಳು ಅಳಿಸಿಹೋಗಿದ್ದವು.

"ಏನಮ್ಮಾ, ನಾ ಹಾಕಿದ ನಂಬರಿನ ಮ್ಯಾಲೇ ಹೊಲಿಗಿ ಓಡ್ಸೀರಲ್ಲ! ನೋಡಬಾರ್ದೇನು?"

ಅವರು ಕಾಲಿನ ಪೆಡಲು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ರವಿಕೆಯ ಅಂಚು ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, ಆಮೇಲೆ ನನ್ನ ಕಡೆ ನೋಡಿದರು. "ಕೂಗ್ಯಾಡಬ್ಯಾಡ ತಮ್ಮಾ. ಬಿಸಿಲಾಗ ಬಂದೀದಿ, ಮೊದ್ಲು ನೀರು ಕುಡಿ." ನೀರು ಕೊಟ್ಟು ಕೇಳಿದರು: "ಅಂಗಿ ಹುಡುಗೀಗೆ ಮಾಡ್ಯಾರೋ, ನಿನ್ನ ನಂಬರಿಗೆ ಮಾಡ್ಯಾರೋ?"

ನಾನು ಲೋಟ ಕೆಳಗಿಟ್ಟೆ.

"ಬೆಳಿಯೋ ಮೈ ಅವು. ಎರಡು ಸೈಜ್ ದೊಡ್ಡ ಅಂಗೀನ ತರ್ತಾರ. ನಾ ಪಕ್ಕಕ್ಕ ಒಳಗ ಹಿಡೀತೀನಿ, ಕತ್ತರಿ ಹಾಕಂಗಿಲ್ಲ. ಮುಂದಿನ ವರ್ಷ ಹೊಲಿಗಿ ಬಿಚ್ಚಿದ್ರ ಅದೇ ಅಂಗಿ ಆಗ್ತೈತಿ. ನಮ್ಮೂರಾಗ ಕೂಸಿಗೂ ಗೊತ್ತೈತಿ. ನಿನಗ ಯಾರೂ ಹೇಳ್ಲಿಲ್ಲೇನು?"

ಯಾರೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದೇ ಮಾಸ್ತರರಿಗೆ ಹೊಳೆದಿರಲಿಲ್ಲ. ಅವರನ್ನು ಯಾಕೆ ಅನ್ನಲಿ, ಶಾಲೆಗೆ ಹೋಗುವಾಗ ನಾನೂ ಅಂಥದೇ ಅಂಗಿ ತೊಟ್ಟವನು. ಪ್ರತಿ ಜೂನಿನಲ್ಲಿ ನನ್ನ ತಾಯಿ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದದ್ದು, ಬಿಚ್ಚಿದ ಜಾಗದಲ್ಲಿ ಬಟ್ಟೆ ಹೊಸ ಬಣ್ಣದಲ್ಲಿ ಕಾಣುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಚಾರ್ಟು ಬರೆಯುವಾಗ ಮಾತ್ರ ಅದು ನೆನಪಾಗಲಿಲ್ಲ. ಪ್ರವಾಸಿಗರು ಅಂಗಿಯನ್ನು ಹ್ಯಾಂಗರಿನಲ್ಲಿ ನೋಡಿ ಕೊಳ್ಳುತ್ತಾರೆ. ನಾನು ಜೆರ್ಸಿಗೂ ಹ್ಯಾಂಗರಿನ ಅಳತೆಯನ್ನೇ ಹಾಕಿದ್ದೆ.

"ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು ತಮ್ಮಾ," ಎಂದು ಅಮ್ಮ ಈಗ ನಕ್ಕರು. "ನಿನ್ನ ನಂಬರಿನ ಕಾಲು ಚಡ್ಡಿಯೊಳಗ ಹೋಗ್ಯಾವ."

ಸಿಟ್ಟು ಇಳಿದ ಮೇಲೆ ಹೆದರಿಕೆ ಹತ್ತಿತು. ಇನ್ನು ಉಳಿದದ್ದು ಎರಡೇ ದಿನ. ಎಷ್ಟು ದೊಡ್ಡದಿರಬೇಕು ಎಂದು ಈಗ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನಾಲ್ಕಿಂಚು ಸಣ್ಣದು, ಹತ್ತಿಂಚು ದೊಡ್ಡದು. ನಡುವೆ ಏಳು ಎನ್ನಬಹುದು. ಆದರೆ ಹನ್ನೆರಡು ಹುಡುಗಿಯರಲ್ಲಿ ಒಬ್ಬಳು ನನ್ನ ಭುಜಕ್ಕೆ ಬರುತ್ತಿದ್ದಳು, ಒಬ್ಬಳು ಎದೆಗೆ. ಅದನ್ನೇ ಅಮ್ಮನಿಗೆ ಹೇಳಿದೆ. ಒಬ್ಬೊಬ್ಬರ ಬೆನ್ನು ಟೇಪಿನಲ್ಲಿ ಅಳೆದು ಕೊಡುತ್ತೀರಾ ಎಂದು ಕೇಳಿದೆ.

"ಟೇಪು ಯಾಕ? ಕೈ ಇಲ್ಲೇನು ಅವಕ್ಕ?" ಎಂದು ಒಂದು ಹಳೆಯ ಪೇಪರಿನ ಕಟ್ಟು ಎತ್ತಿಕೊಂಡು ನನಗಿಂತ ಮೊದಲೇ ಶಾಲೆಯ ಕಡೆ ಹೊರಟರು.

ಆಮೇಲೆ ನಡೆದದ್ದನ್ನು ನೋಡಿ ನಾನು ದಂಗಾದೆ. ಅಮ್ಮ ಒಬ್ಬೊಬ್ಬ ಹುಡುಗಿಯನ್ನು ಕರೆದು ಪೇಪರಿನ ಮೇಲೆ ಅವಳ ಕೈಯನ್ನೇ ಇಡಿಸಿದರು. ಮೊದಲು ನಾಲ್ಕು ಬೆರಳು ಕೂಡಿಸಿ ಅಡ್ಡ ಇಡು ಅಂದರು. ಕೊರಳಪಟ್ಟಿಯಿಂದ ನಂಬರು ಅಷ್ಟು ಕೆಳಗೆ ಶುರುವಾಗಬೇಕು. ಆಮೇಲೆ ಗೇಣು ಚಾಚು ಅಂದರು, ಹೆಬ್ಬೆರಳಿನಿಂದ ಕಿರುಬೆರಳಿನ ತುದಿಯವರೆಗೆ. ನಂಬರಿನ ಎತ್ತರ ಅಷ್ಟೇ. ರವಿಕೆಯ ಬೆನ್ನು ಎಷ್ಟು ಇಳಿಸಬೇಕು ಎಂದು ಅವರು ಮೊದಲಿನಿಂದ ನೋಡುತ್ತಿದ್ದದ್ದು ಹೀಗೆಯೇ. "ಅವರವರ ಮೈಗೆ ಅವರವರ ಗೇಣು ತಮ್ಮಾ. ನಿನ್ನ ಗೇಣು ತಂದು ಆಕಿ ಬೆನ್ನಿಗೆ ಇಟ್ರ ಹೆಂಗ ಕುಂದ್ರತೈತಿ?"

ನಾನು ಸ್ಕೇಲು ಇಟ್ಟು ನೋಡಿದೆ. ಅತಿ ಸಣ್ಣವಳ ಗೇಣು ಆರು ಇಂಚು, ದೊಡ್ಡವಳದು ಏಳೂವರೆ. ಎಂಟನೇ ನಂಬರಿನವಳದು ಆರೂವರೆ. ಮಕ್ಕಳ ಜೆರ್ಸಿಗೆ ಆರರಿಂದ ಎಂಟು ಇಂಚು ಸಾಕು ಎಂದು ನಮ್ಮ ಕಸುಬಿನವರು ಹೇಳುವುದುಂಟು. ಆ ಮಾತು ನನಗೂ ಗೊತ್ತಿತ್ತು, ಚೀಟಿಯಲ್ಲಿನ ಮೂವತ್ತಾರು ನೋಡಿ ಮರೆತಿದ್ದೆ. ಅಮ್ಮ ಆ ಮಾತನ್ನು ಕೇಳಿದವರಲ್ಲ. ಆದರೂ ಅಲ್ಲಿಗೇ ಬಂದು ನಿಂತರು, ಅದೂ ಒಬ್ಬೊಬ್ಬರಿಗೆ ಬೇರೆ ಬೇರೆ ಅಳತೆ ಕೊಟ್ಟು.

ಗೇಣಿನ ಲೆಕ್ಕವನ್ನು ಅವರು ಕಣ್ಣು ಮುಚ್ಚಿ ನಂಬಲಿಲ್ಲ. ಐದನೇ ನಂಬರಿನವಳ ಬೆರಳುಗಳು ಮೈಗೆ ಮೀರಿ ಉದ್ದ. ಅವಳ ಗೇಣಿನಷ್ಟು ಪೇಪರು ಕತ್ತರಿಸಿ ಬೆನ್ನಿಗೆ ಹಿಡಿದು ನೋಡಿ, "ಕೈ ಸುಳ್ಳು ಹೇಳಾಕತ್ತೈತಿ" ಎಂದು ಅರ್ಧ ಬೆರಳಿನಷ್ಟು ಹರಿದು ಹಾಕಿದರು. ಎಲ್ಲರಿಗೂ ಪೇಪರಿನ ನಂಬರು ಕತ್ತರಿಸಿ ಪಿನ್ನು ಚುಚ್ಚಿ, ಕೂರು, ಏಳು, ಕೈ ಎತ್ತು, ಬಾಗು ಎಂದು ಆಡಿಸಿದರು. ಪೇಪರು ಎಲ್ಲಿ ಸುಕ್ಕಾಯಿತೋ ಅಲ್ಲಿ ಬೆರಳಿಟ್ಟು ನನಗೆ ತೋರಿಸಿದರು. ನಾನು ಮೂವತ್ತು ಹೆಜ್ಜೆ ದೂರದ ಬೇವಿನ ಮರದ ಕೆಳಗೆ ನಿಂತು ಓದುತ್ತಿದ್ದೆ. ಪೇಪರಿನ 8ರಲ್ಲಿ ಒಳಗಿನ ಎರಡು ತೂತು ಸಣ್ಣವಾದ್ದರಿಂದ ಅಷ್ಟು ದೂರಕ್ಕೆ ಒಂದೇ ಮುದ್ದೆಯಾಗಿ ಕಂಡಿತು. ಗೆರೆ ತೆಳ್ಳಗೆ ಮಾಡಿ ತೂತು ದೊಡ್ಡದು ಮಾಡಬೇಕು, ಪಕ್ಕಕ್ಕೆ ಎಳೆಯಬಾರದು ಎಂದು ಬರೆದುಕೊಂಡೆ. ಅದೊಂದು ಮಾತ್ರ ನಾನಾಗಿ ಕಂಡುಕೊಂಡದ್ದು.

ಊರ ಹೆಸರಿಗೆ ಈಗ ಬೆನ್ನಿನಲ್ಲಿ ಜಾಗ ಉಳಿಯಲಿಲ್ಲ. ಮಾಸ್ತರರಿಗೆ ಅದು ಇಷ್ಟವಾಗಲಿಲ್ಲ. "ಊರು ಕಾಣ್ಬೇಕಲ್ರೀ. ಇನ್ನೊಂದು ಏನಂದ್ರ, ಒಬ್ಬೊಬ್ಬರದು ಒಂದೊಂದು ಸೈಜ್ ಆದ್ರ ಟೀಮ್ ಅನ್ನಸ್ತೈತೇನ್ರಿ? ಸಂತಿಗೆ ಬಂದಂಗ ಕಾಣ್ತಾರ."

ಎರಡನೆಯ ಮಾತು ನನ್ನದೂ ಆಗಿತ್ತು. ಹನ್ನೆರಡು ಅಂಗಿಗೂ ಒಂದೇ ಅಳತೆ ಇಡುವುದು ಕೆಲಸದ ಶಿಸ್ತು ಎಂದು ತಿಳಿದವನು ನಾನು. ಅಮ್ಮ ವಾದ ಮಾಡಲಿಲ್ಲ. ಪೇಪರಿನ ನಂಬರು ಚುಚ್ಚಿಕೊಂಡ ಹನ್ನೆರಡೂ ಹುಡುಗಿಯರನ್ನು ಸಾಲಾಗಿ ಬೆನ್ನು ತಿರುಗಿಸಿ ನಿಲ್ಲಿಸಿದರು. "ಯಾವುದು ದೊಡ್ಡದು, ಯಾವುದು ಸಣ್ಣದು, ಹೇಳ್ರಿ ಇಬ್ಬರೂ."

ಹೇಳಲಾಗಲಿಲ್ಲ. ನಂಬರುಗಳೆಲ್ಲ ಒಂದೇ ಅಳತೆಯವೆಂದು ಕಂಡವು. ಕೈಯಾರೆ ಅಳೆದ ನನಗೇ ಹಾಗೆ ಕಂಡಿತು. ಪ್ರತಿ ಬೆನ್ನಿನ ಸುತ್ತ ಅಷ್ಟಷ್ಟೇ ನೀಲಿ ಬಟ್ಟೆ ಉಳಿದಿತ್ತು. ನಾನು ಇಷ್ಟು ಕಾಲ ಈ ಕಸುಬು ಮಾಡಿ ಇಂಥದೊಂದನ್ನು ನೋಡಿರಲಿಲ್ಲ, ಯಾರೂ ಹೇಳಿಕೊಟ್ಟೂ ಇರಲಿಲ್ಲ. ಆ ಹೆಂಗಸಿನ ಕಾಲಿಗೆ ಬೀಳಬೇಕು ಅನ್ನಿಸಿತು, ನಾಚಿಕೆಯಾಗಿ ಬೀಳಲಿಲ್ಲ.

"ಸರ್, ಊರು ಎದಿ ಮ್ಯಾಲೆ ಸಣ್ಣದಾಗಿ ಇರ್ಲಿ," ಎಂದಳು ಎಂಟನೇ ನಂಬರಿನ ಹುಡುಗಿ. ಆ ದಿನ ಅವಳು ಆಡಿದ ಮೊದಲ ಮಾತು. "ಬೆನ್ನಿಗೆ ನಂಬರ್ ಒಂದ ಸಾಕು." ಮಾಸ್ತರರು ಅಳೆದು ಸುರಿದು ಕೊನೆಗೆ ಹೂಂ ಅಂದರು.

ಹೊಸಪೇಟೆಗೆ ಮರಳಿ, ಒಂದು ಜೆರ್ಸಿಯ ಹಳೆಯ ವಿನೈಲನ್ನು ಬಿಸಿ ಮಾಡಿ ಎಳೆದು ನೋಡಿದೆ. ವಿನೈಲ್ ಬಂತು, ಅಂಟಿನ ನೆರಳು ಬರಲಿಲ್ಲ. ನೀಲಿಯ ಮೇಲೆ ಮಾಸಲಾಗಿ ದೊಡ್ಡ ನಂಬರು ಹಾಗೇ ಕೂತಿತ್ತು. ಅದರ ಮೇಲೆ ಸಣ್ಣದು ಹಾಕಿದರೆ ಎರಡೂ ಕಲೆತು ಯಾವ ನಂಬರೂ ಓದಲು ಬರುತ್ತಿರಲಿಲ್ಲ. ಬೇರೆ ಜೆರ್ಸಿಯೇ ಬೇಕು, ತಪ್ಪು ನನ್ನದಾದ್ದರಿಂದ ತರುವವನೂ ನಾನೇ. ಹೊಸಪೇಟೆಯಲ್ಲಿ ಆ ನೀಲಿ ಸಿಗಲಿಲ್ಲ. ಶುಕ್ರವಾರ ಕಂಪ್ಲಿಗೆ ಹೋದೆ. ಅಲ್ಲಿ ಅಕ್ಕಿ ಗಿರಣಿಗಳ ಹುಡುಗರ ಕ್ರಿಕೆಟ್ ತಂಡಗಳಿಗೆ ಬಟ್ಟೆ ಕೊಡುವ ಅಂಗಡಿಯೊಂದಿದೆ. ಬಣ್ಣ ಅದೇ ಸಿಕ್ಕಿತು, ಸೈಜು ಮತ್ತೆ ಮೂವತ್ತಾರೇ. ಸಣ್ಣದಿಲ್ಲವೇ ಎಂದು ಕೇಳಿದ್ದಕ್ಕೆ ಅಂಗಡಿಯವನು, "ಸಣ್ಣದು ಯಾರ್ ತೊಗೊಂತಾರ್ರಿ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದ.

ಅಲ್ಲಿ ನಿಂತೇ ಒಂದು ತೀರ್ಮಾನ ಮಾಡಿದೆ. ನಮ್ಮ ಕಸುಬಿನಲ್ಲಿ ಅಚ್ಚು ಮೊದಲು, ಮಿಕ್ಕದ್ದು ಆಮೇಲೆ. ಬಟ್ಟೆ ಚಪ್ಪಟೆಯಾಗಿದ್ದಾಗಲೇ ಒತ್ತಬೇಕು, ಹೊಲಿಗೆಯ ಉಬ್ಬು ಬಿಸಿ ಹಲಗೆಯ ಕೆಳಗೆ ಬರಲೇಬಾರದು. ಈ ಸಲ ಅದನ್ನು ತಿರುಗಾಮುರುಗಾ ಮಾಡುವುದು: ಅಮ್ಮ ಮೊದಲು ಹೊಲಿಯಲಿ, ಹುಡುಗಿಯರು ತೊಟ್ಟು ನೋಡಲಿ, ಪೇಪರು ಚುಚ್ಚಿದ ಜಾಗಕ್ಕೆ ಗುರುತು ಹಾಕಲಿ, ಕೊನೆಗೆ ನಾನು ಒತ್ತುತ್ತೇನೆ. ಅಷ್ಟಕ್ಕೆಲ್ಲ ಹೊಸಪೇಟೆ-ವಡ್ಡು ಓಡಾಡುವ ಸಮಯ ಇರಲಿಲ್ಲ. ಪ್ರೆಸ್ಸೇ ವಡ್ಡುವಿಗೆ ಹೋಗಬೇಕು.

ಕಂಪ್ಲಿಯಿಂದ ನೇರ ವಡ್ಡುವಿಗೆ ಹೋಗಿ ಜೆರ್ಸಿ ಕೊಟ್ಟು ಬಂದೆ. ಶನಿವಾರ ಬೆಳಗ್ಗೆ ಪ್ರೆಸ್ಸನ್ನು ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಕಿ ಮಲಗಿಸಿ, ಕತ್ತರಿಸಿದ ಹಳದಿ ನಂಬರುಗಳನ್ನು ರಟ್ಟಿನ ನಡುವೆ ಇಟ್ಟುಕೊಂಡು ಹೊರಟೆ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ ದೊಡ್ಡ ಪ್ಲಗ್ಗಿತ್ತು. ಅಷ್ಟರಲ್ಲಿ ಅಮ್ಮ ಹನ್ನೆರಡೂ ಅಂಗಿ ಮುಗಿಸಿದ್ದರು. ಪ್ರತಿ ಅಂಗಿಯ ಬೆನ್ನಲ್ಲಿ ಸೀಮೆಸುಣ್ಣದ ಎರಡು ಸಣ್ಣ ಗೆರೆಗಳಿದ್ದವು, ನಂಬರಿನ ತಲೆಗೊಂದು, ಕಾಲಿಗೊಂದು.

ಮೊದಲು ಐದನೇ ನಂಬರು ಒತ್ತಿದೆ. ಮೇಲಿನ ಪ್ಲಾಸ್ಟಿಕ್ ಹಾಳೆ ಎಳೆದರೆ ನಂಬರಿನ ಅಂಚು ಅದರ ಜೊತೆಗೇ ಎದ್ದು ಬಂತು. ಎರಡು ಕಾರಣ ಇದ್ದವು. ಕರೆಂಟು ಸಣ್ಣಗಿತ್ತು, ಬಿಸಿ ನೂರ ಇಪ್ಪತ್ತು ದಾಟುತ್ತಲೇ ಇರಲಿಲ್ಲ. ಮಾಸ್ತರರು ಓಡಿಹೋಗಿ ಶಾಲೆಯ ನೀರಿನ ಮೋಟರು ನಿಲ್ಲಿಸಿದ ಮೇಲೆ ಅದು ಸರಿಹೋಯಿತು. ಎರಡನೆಯದು ನಾನು ಹೆದರಿದ್ದ ಉಬ್ಬು. ಬೆಳೆಯುವ ಮೈಗೆಂದು ಎರಡೂ ಪಕ್ಕ ಒಳಗೆ ಬಿಟ್ಟ ಬಟ್ಟೆ ದಪ್ಪಗಾಗಿ, ಪ್ರೆಸ್ಸಿನ ಭಾರವೆಲ್ಲ ಅದರ ಮೇಲೇ ಬೀಳುತ್ತಿತ್ತು. ನಡುವೆ ನಂಬರಿಗೆ ಒತ್ತಡ ತಾಗುತ್ತಲೇ ಇರಲಿಲ್ಲ.

"ಈ ಒಳಗಿನ ಬಟ್ಟಿ ಕತ್ತರಿಸಿಬಿಡ್ರಮ್ಮಾ," ಅಂದೆ. "ಇನ್ನು ಬ್ಯಾರೆ ದಾರಿಯಿಲ್ಲ."

"ಕತ್ತರಿಸಿದ್ರ ಮುಂದಿನ ವರ್ಷ ಏನು ತೊಡ್ಲಿ ಅವು?" ಎಂದು ಅಮ್ಮ ಕತ್ತರಿಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡರು. ಪ್ರೆಸ್ಸಿನ ಹಲಗೆ ಏಳುವುದು ಇಳಿಯುವುದು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಮನೆಗೆ ಹೋಗಿ ಒಂದು ಹಳೆಯ ದುಪ್ಪಟಿ ತಂದರು. ಅದನ್ನು ಸರಿಯಾಗಿ ನಂಬರಿನ ಅಗಲಕ್ಕೆ ಮಡಿಚಿ ಮಡಿಚಿ, ಅಂಗಿಯೊಳಗೆ ಬೆನ್ನಿನ ನಡುವೆ ಸೇರಿಸಿದರು. "ತೋಳಿನ ಮೂಲಿಗೆ ಇಸ್ತ್ರಿ ಮಾಡೋವಾಗ ನಾ ಹಿಂಗ ಮಾಡ್ತೀನಿ. ನಡುವು ಮ್ಯಾಲೆ ಬಂತಂದ್ರ ಪಕ್ಕದ್ದು ತಾನ ಕೆಳಗಿಳೀತೈತಿ."

ಇಳಿಯಿತು. ಅಂಗಿಯ ನಡುಭಾಗ ಎದ್ದು ನಿಂತು, ಉಬ್ಬುಗಳೆರಡೂ ಹಲಗೆಯ ಕೆಳಗೆ ತಾಗದೆ ಉಳಿದವು. ನೂರ ನಲವತ್ತು, ಹನ್ನೆರಡು ಸೆಕೆಂಡು. ಹಾಳೆ ಎಳೆದಾಗ ನಂಬರು ಬಟ್ಟೆಯನ್ನು ಬಿಡಲಿಲ್ಲ. ಉಗುರಿನಿಂದ ಎಬ್ಬಿಸಲು ನೋಡಿದೆ, ಆಗಲಿಲ್ಲ. ಮಧ್ಯಾಹ್ನದೊಳಗೆ ಎದೆಯ ಮೇಲಿನ ಸಣ್ಣ 'ವಡ್ಡು' ಸಮೇತ ಹನ್ನೆರಡೂ ಮುಗಿದವು, ಎಂಟನೆಯದನ್ನು ಕೊನೆಗೆ ಒತ್ತಿದೆ. ಆ ಹುಡುಗಿ ಅದನ್ನು ತೊಟ್ಟು ಐವತ್ತು ಸಲ ಕೂತು ಎದ್ದಿರಬೇಕು. ಪ್ರತಿ ಸಲವೂ ಗೆಳತಿಯರನ್ನು ಕರೆದು ಬೆನ್ನು ತೋರಿಸಿ, ಎಷ್ಟೇ, ಎಷ್ಟೇ ಎಂದು ಕೇಳುತ್ತಿದ್ದಳು.

ಭಾನುವಾರ ಅಂಗಡಿ ತೆರೆಯಲಿಲ್ಲ. ಮೈದಾನದಲ್ಲಿ ಹಗ್ಗದ ಹಿಂದೆ ಅಮ್ಮ, ನಾನು ಪಕ್ಕಪಕ್ಕ ಕೂತೆವು. ಅಮ್ಮ ಆಟಕ್ಕಿಂತ ಹೆಚ್ಚಾಗಿ ತಮ್ಮ ಹೊಲಿಗೆಗಳನ್ನೇ ನೋಡುತ್ತಿದ್ದರು. ಬೇರೆ ಊರಿನ ತಂಡಗಳ ಬೆನ್ನುಗಳಲ್ಲಿ ಎಲ್ಲ ನಮೂನೆಯ ನಂಬರುಗಳಿದ್ದವು, ಸಣ್ಣವು, ಸುಕ್ಕಾದವು, ಚಡ್ಡಿಯೊಳಗೆ ಮುಳುಗಿದವು. ಸೋಮವಾರವಾಗಿದ್ದರೆ ನಕ್ಕುಬಿಡುತ್ತಿದ್ದೆ. ಈಗ ಪಾಪ ಅನ್ನಿಸಿತು.

ಎಂಟನೇ ನಂಬರಿನವಳು ಮೊದಲ ಸರದಿಯಲ್ಲಿ ಕಂಬದ ಹತ್ತಿರ ಹಾರಿದಳು, ಗೆಣ್ಣಿನಷ್ಟರಲ್ಲಿ ತಪ್ಪಿತು, ಮಣ್ಣಿಗೆ ಬಿದ್ದಳು. ಎರಡನೇ ಸರದಿಯಲ್ಲಿ ಮತ್ತೆ ಅದೇ ಕಂಬ. ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನು ಗಾಳಿಯಲ್ಲಿ ಉದ್ದಕ್ಕೆ ಚಾಚಿ, ಓಡುತ್ತಿದ್ದವಳ ಹಿಮ್ಮಡಿ ಮುಟ್ಟಿದಳು. ಬಿದ್ದಲ್ಲಿಂದ ಎದ್ದು ಬೆನ್ನು ಕೊಡವಿಕೊಂಡಾಗ ಹಳದಿ ನಂಬರು ಧೂಳಿನ ಮಧ್ಯೆಯೂ ತಲೆಯಿಂದ ಕಾಲಿನವರೆಗೆ ಪೂರ್ತಿ ಕಂಡಿತು. ಮೇಜಿನ ಹಿಂದೆ ಕೂತ ಇಬ್ಬರೂ ಬಗ್ಗಿ ಬರೆದುಕೊಂಡರು. ಏನು ಬರೆದರೋ ನಮಗೆ ಕಾಣಲಿಲ್ಲ.

ಆಟಗಳೆಲ್ಲ ಮುಗಿದ ಮೇಲೆ ತಂಡಗಳನ್ನು ಮೇಜಿನ ಮುಂದೆ ಕೂರಿಸಿ ಪಟ್ಟಿ ಓದತೊಡಗಿದರು. ಊರು, ನಂಬರು, ಊರು, ನಂಬರು. ಕರೆದವರು ಎದ್ದು ಓಡಿ ಹೋಗಿ ಒಂದು ಕಡೆ ನಿಲ್ಲುತ್ತಿದ್ದರು. ಮಾಸ್ತರರು ಕಣ್ಣು ಮುಚ್ಚಿಕೊಂಡಿದ್ದರು. ಅಮ್ಮ ನನ್ನ ಮೊಣಕೈ ಹಿಡಿದಿದ್ದರು, ಅದು ಅವರಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

"ವಡ್ಡು, ಎಂಟು."

ಗೆಳತಿಯರು ಕಿರುಚಿದರು. ಅವಳು ಎದ್ದು ನಿಂತಳು, ಆದರೆ ಓಡಲಿಲ್ಲ. ಮೇಜಿನವರ ಕಡೆಗೆ ಬೆನ್ನು ತಿರುಗಿಸಿ, ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನೆಟ್ಟಗೆ ನಿಂತಳು.

"ಯಾಕವ್ವ? ಬಾ ಈ ಕಡಿ," ಅಂದರು ಪಟ್ಟಿ ಹಿಡಿದವರು.

"ಇನ್ನೊಮ್ಮೆ ನೋಡಿ ಹೇಳ್ರಿ ಸರ್," ಅಂದಳು, ಮುಖ ತಿರುಗಿಸದೆ.

ಅವರು ಪಟ್ಟಿ ನೋಡಿದರು, ಬೆನ್ನು ನೋಡಿದರು, ಮತ್ತೆ ಪಟ್ಟಿ ನೋಡಿದರು. ಇಬ್ಬರೂ ಒಟ್ಟಿಗೇ "ಎಂಟು" ಅಂದರು. ಆಮೇಲೆ ಅವಳು ಆ ಕಡೆ ಹೆಜ್ಜೆ ಇಟ್ಟಳು.